ಆರ್‌ಎಕ್ಸ್ 100 ಬ್ಲಾಕ್ ಬಿಚ್ಚಿ ಪೋರ್ಟಿಂಗ್‌ಗೆ ಕೊಡ್ತಿದ್ದೀರಾ? ಮೊದಲು ಇದನ್ನು ಓದಿ

ಆರ್‌ಎಕ್ಸ್ 100 ಅನ್ನೋ ಯಮಹಾ ಟೂ ಸ್ಟ್ರೋಕ್ ಬೈಕ್ ಇಟ್ಟುಕೊಂಡಿರುವ ಎಲ್ಲರಿಗೂ ಹೇಳುತ್ತಿದ್ದೇನೆ. ಪೋರ್ಟಿಂಗ್ (ಇಂಜಿನ್ನಿನಲ್ಲಿ ಗಾಳಿ, ಹೊಗೆ ಹೋಗುವ ಕಿಂಡಿಗಳನ್ನು ಕೆತ್ತಿ ತಿದ್ದೋದು) ಮಾಡಿಕೊಡ್ತೀವಿ, ಪವರ್ ಜಾಸ್ತಿ ಮಾಡಿಕೊಡ್ತೀವಿ ಅಂತ ಯಾರೇ ಹೇಳಲಿ, ನಿಮ್ಮ ಬ್ಲಾಕ್, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರ್, ಕಣ್ಣಿಂದ ಮರೆಯಾಗೋಕೆ ಬಿಡಬೇಡಿ. ನಮ್ಮಪ್ಪನ 1989ರ ಗಾಡಿಯ ಒರಿಜಿನಲ್ ಬ್ಲಾಕ್ ಹೋಯಿತು. ಅದರ ಜಾಗದಲ್ಲಿ ಯಾವುದೋ ಡೂಪ್ಲಿಕೇಟ್ ಬ್ಲಾಕ್ ಕೂತಿದೆ. 28 ಸಾವಿರ ಕೊಟ್ಟಿದ್ದೇನೆ, ಇಂಜಿನ್ ಜಾಮ್ ಆಗಿ ಕೂತಿದೆ, ಅಂಗಡಿಯವನು ಈಗ ನನಗೇ ಕಾನೂನು ಹೇಳುತ್ತಿದ್ದಾನೆ.

ಗಾಡಿ ಚೆನ್ನಾಗಿಯೇ ಇತ್ತು. 98 ಸಿಸಿ, ಕಂಪನಿ ಲೆಕ್ಕದಲ್ಲಿ 11 ಎಚ್‌ಪಿ. ಹಾಸನ ರೋಡಲ್ಲಿ ಓಡಾಡೋದು ಜಾಸ್ತಿ, ಸ್ವಲ್ಪ ದಮ್ಮು ಬೇಕಿತ್ತು ಅಷ್ಟೇ. ಬೆಂಗಳೂರಿನ ಈ ಅಂಗಡಿ ಬಗ್ಗೆ ಗೆಳೆಯರು ಹೇಳಿದ್ದರು. ಅವನು ಗಾಡಿ ನೋಡಿದ ಕೂಡಲೇ "ಸ್ಟಾಕ್ 11 ಸಾರ್, ನಾನು 16 ತೆಗೀತೀನಿ" ಅಂದ. ಎಕ್ಸಾಸ್ಟ್ ಪೋರ್ಟ್ ಎತ್ತಬೇಕು, ಹೆಡ್ ಫೇಸಿಂಗ್ ಮಾಡಿ (ಬ್ಲಾಕಿನ ಮೇಲಿನ ಮುಚ್ಚಳದ ತಳ ಸವರಿ) ಕಂಪ್ರೆಷನ್ ಏರಿಸಬೇಕು, ಚೇಂಬರ್ ಸೈಲೆನ್ಸರ್, ಫ್ರೀ ಫ್ಲೋ ಫಿಲ್ಟರ್ ಹಾಕಬೇಕು ಅಂದ. ಟೂ ಸ್ಟ್ರೋಕ್ ಮೇಲೆ ಕೆಲಸ ಮಾಡುವವರು ಮಾಡೋದೇ ಇದು, ಅನುಮಾನ ಪಡುವಂಥದ್ದು ಏನೂ ಇರಲಿಲ್ಲ. ಬ್ಲಾಕ್ ಲೇತಿಗೆ ಕಳಿಸಬೇಕು ಅಂದಾಗ ನಾನೂ ಬರ್ತೀನಿ ಅಂದೆ. "ಅಲ್ಲಿ ಕಸ್ಟಮರ್‌ನ ಬಿಡಲ್ಲ ಸಾರ್, ನೀವು ಆರಾಮಾಗಿ ಹೋಗಿ, ಫೋನ್ ಮಾಡ್ತೀನಿ." ಬಿಲ್ ಕೇಳಿದರೆ ವಿಸಿಟಿಂಗ್ ಕಾರ್ಡಿನ ಹಿಂದೆ ಅಡ್ವಾನ್ಸ್ ಎಷ್ಟು ಅಂತ ಬರೆದುಕೊಟ್ಟ.

ಗಾಡಿ ವಾಪಸ್ ಕೊಡುವಾಗ ಬ್ಲಾಕಿಗೆ ಹೊಸದಾಗಿ ಪೇಂಟ್ ಹೊಡೆದಿದ್ದ. ನಾನು ಕೇಳಿರಲೇ ಇಲ್ಲ. "ಪೇಂಟ್ ಫ್ರೀ ಸಾರ್, ನಮ್ಮ ಕಡೆಯಿಂದ." ನಾನು ಥ್ಯಾಂಕ್ಸ್ ಹೇಳಿ ಬಂದೆ. ಅದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತೆ.

ಓಡಿಸಿದರೆ ಇಂಜಿನ್ ನಿಧಾನ ತಿರುಗುವಾಗ, ಅಂದರೆ ಕೆಳಗಿನ ಆರ್‌ಪಿಎಂನಲ್ಲಿ, ಜೀವವೇ ಇಲ್ಲ. ಮೇಲಿನ ಆರ್‌ಪಿಎಂನಲ್ಲಿ ಕಿರುಚುತ್ತೆ, ಆದರೆ ಹಂಪ್ ದಾಟಿ ಸೆಕೆಂಡ್ ಗೇರಲ್ಲಿ ಎತ್ತಿದರೆ ಏಳಲ್ಲ. ಎಕ್ಸಾಸ್ಟ್ ಪೋರ್ಟ್ ಮೇಲಕ್ಕೆ ಎತ್ತಿದರೆ ಹೊಗೆ ಬೇಗ ಹೊರಗೆ ಹೋಗುತ್ತೆ, ಪವರ್ ಮೇಲಿನ ಆರ್‌ಪಿಎಂಗೆ ಜರುಗುತ್ತೆ, ಕೆಳಗಿನ ಪಿಕಪ್ ಕಮ್ಮಿಯಾಗುತ್ತೆ. ಇದನ್ನು ಕೆಲಸ ಹಿಡಿಯುವ ಮೊದಲೇ ಹೇಳಬೇಕು ಅಲ್ವಾ? ಅವನು ಹೇಳಿದ್ದು "ಹೊಸ ಪಿಸ್ಟನ್ ಸಾರ್, ಸೆಟ್ ಆಗುತ್ತೆ, ಸದ್ಯಕ್ಕೆ 50 ದಾಟಿಸಬೇಡಿ" ಅಂತ. ದಾಟಿಸಲಿಲ್ಲ. ನಿಜವಾಗಿಯೂ ದಾಟಿಸಲಿಲ್ಲ.

ಕುಣಿಗಲ್ ಕಳೆದು ಯಡಿಯೂರು ಹತ್ತಿರ ಇಂಜಿನ್ ಜಾಮ್ ಆಯಿತು. ಹಿಂದಿನ ಚಕ್ರ ಲಾಕ್ ಆಗಿ ಗಾಡಿ ಅಡ್ಡ ಹೊಡೆಯಿತು, ಕ್ಲಚ್ ಹಿಡಿದದ್ದಕ್ಕೆ ಉಳಿದುಕೊಂಡೆ. ಹಿಂದೆ ಬರುತ್ತಿದ್ದ ಲಾರಿ ಹಾರ್ನ್ ಹೊಡೆಯುತ್ತಾ ಪಕ್ಕದಲ್ಲೇ ಹೋಯಿತು. ಟಾಟಾ ಏಸ್‌ಗೆ ಹಾಕಿಕೊಂಡು ಚನ್ನರಾಯಪಟ್ಟಣಕ್ಕೆ ತಂದು, ಅಪ್ಪನ ಕಾಲದಿಂದ ಈ ಗಾಡಿ ನೋಡಿಕೊಂಡು ಬಂದಿರುವ ಮೆಕ್ಯಾನಿಕ್ ಹತ್ತಿರ ಇಳಿಸಿದೆ. ಅವರನ್ನು ನಾವು ಮಾಮ ಅಂತಲೇ ಕರೆಯೋದು.

ಮಾಮ ಮೊದಲು ಪ್ಲಗ್ ಬಿಚ್ಚಿದರು. ತುದಿ ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು. ಗಾಳಿ ಜಾಸ್ತಿ ಎಳೆಯುವ ಫಿಲ್ಟರ್ ಹಾಕಿ, ಚೇಂಬರ್ ಹಾಕಿ, ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಎಷ್ಟು ಹೋಗಬೇಕು ಅಂತ ಅಳೆದು ಬಿಡುವ ಹಳೇ ಮೇನ್ ಜೆಟ್ಟನ್ನೇ ಬಿಟ್ಟಿದ್ದ. ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಇಂಜಿನ್ ಸುಡದೆ ಇನ್ನೇನಾಗುತ್ತೆ? ಜೆಟ್ ದೊಡ್ಡದು ಹಾಕೋದು ಎಷ್ಟು ಹೊತ್ತಿನ ಕೆಲಸ! ಬ್ಲಾಕ್ ಎತ್ತಿದರೆ ಎಕ್ಸಾಸ್ಟ್ ಪೋರ್ಟನ್ನು ಬೇಕಾಬಿಟ್ಟಿ ಅಗಲ ಮಾಡಿದ್ದ, ಅಂಚು ಬ್ಲೇಡಿನಂತೆ ಚೂಪು. ಆ ಅಂಚನ್ನು ಸವರಿ ನಯ ಮಾಡಲೇಬೇಕು, ಇಲ್ಲದಿದ್ದರೆ ಪಿಸ್ಟನ್ ರಿಂಗ್ ಅದಕ್ಕೆ ಸಿಕ್ಕಿಕೊಳ್ಳುತ್ತೆ. ಸಿಕ್ಕಿಕೊಂಡಿತ್ತು, ತುಂಡಾಗಿತ್ತು.

ಅಷ್ಟೇ ಆಗಿದ್ದರೆ ಕೆಟ್ಟ ಕೆಲಸ ಅಂತ ಬೈದುಕೊಂಡು ಸುಮ್ನೆ ಇರುತ್ತಿದ್ದೆನೋ ಏನೋ. ಮಾಮ ಬ್ಲಾಕನ್ನು ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, "ಇದು ನಿಮ್ಮಪ್ಪನ ಗಾಡಿ ಬ್ಲಾಕ್ ಅಲ್ವಲ್ಲಪ್ಪ" ಅಂದರು.

ನಮ್ಮ ಬ್ಲಾಕಿನ ಎಡಗಡೆ ಕೆಳಗಿನ ಫಿನ್ (ಇಂಜಿನ್ ತಣ್ಣಗಾಗಲು ಸುತ್ತ ಇರುವ ರೆಕ್ಕೆ) ಮೂಲೆ ಮುಕ್ಕಾಗಿತ್ತು, ಹಿಂದೆ ಒಮ್ಮೆ ಗಾಡಿ ಬಿದ್ದಾಗ. ಒರೆಸುವ ಬಟ್ಟೆ ಅದಕ್ಕೆ ಸಿಕ್ಕಿಹಾಕಿಕೊಳ್ಳುತ್ತೆ ಅಂತ ಅಪ್ಪ ಅರದಲ್ಲಿ ಉಜ್ಜಿ ನುಣುಪು ಮಾಡಿದ್ದರು. ಬೆರಳಿಟ್ಟರೆ ಆ ಗೆರೆಗಳು ತಿಳಿಯುತ್ತಿದ್ದವು. ಈ ಬ್ಲಾಕಲ್ಲಿ ಎಲ್ಲಾ ಫಿನ್ ಸರಿಯಾಗಿವೆ, ಒಂದೂ ಮುಕ್ಕಾಗಿಲ್ಲ. ಪೇಂಟ್ ಫ್ರೀ ಯಾಕೆ ಅಂತ ಆಗ ಅರ್ಥವಾಯಿತು. ಮಾಮನ ಮುಂದೆ ತಲೆ ಎತ್ತೋಕೆ ಆಗಲಿಲ್ಲ. ಮನೆಗೆ ಹೋಗಿ ಅಪ್ಪನಿಗೆ ಹೇಳೋದು ಇನ್ನೂ ಕಷ್ಟವಾಯಿತು.

ಫೋನ್ ಮಾಡಿದರೆ ಅವನ ಮೊದಲ ಮಾತು, "ಅದೇ ಬ್ಲಾಕ್ ಸಾರ್, ಫಿನ್ ವೆಲ್ಡ್ ಮಾಡಿಸ್ದೆ." ಮಾಮ ಪೇಂಟ್ ಕೆರೆದು ನೋಡಿದರು, ವೆಲ್ಡಿಂಗ್ ಗುರುತು ಎಲ್ಲೂ ಇಲ್ಲ. ಫೋಟೋ ಕಳಿಸಿದೆ. ಆಗ, "ಲೇತ್‌ನೋರು ಅದಲುಬದಲು ಮಾಡಿರಬೇಕು, ಕೇಳ್ತೀನಿ." ಆಮೇಲೆ ಫೋನ್ ಎತ್ತಲಿಲ್ಲ. ಬೇರೆ ನಂಬರಿಂದ ಮಾಡಿದರೆ ಕಥೆಯೇ ಬೇರೆ. "ನಿಮ್ಮ ಬ್ಲಾಕ್ 1 ಎಂಎಂ ಓವರ್‌ಸೈಜ್ ಆಗೋಗಿತ್ತು ಸಾರ್, ಇನ್ನು ಬೋರ್ ಮಾಡೋಕೆ ಬರಲ್ಲ, ನಿಮ್ಮ ಒಳ್ಳೇದಕ್ಕೇ ಬೇರೆ ಹಾಕ್ದೆ." ನಮ್ಮದರ ಒಳಗಿನ ತೂತು ಕೊರೆದು ದೊಡ್ಡದು ಮಾಡಿದ್ದು ಬರೀ 0.25 ಎಂಎಂ, ಆ ಬೋರಿಂಗ್ ಮಾಡಿಸಿದ್ದೇ ಮಾಮ! ಹಾಗಾದರೆ ನನ್ನ ಹಳೇ ಬ್ಲಾಕ್ ವಾಪಸ್ ಕೊಡಿ ಅಂದೆ. "ಅದು ಗುಜರಿಗೆ ಹೋಯ್ತು ಸಾರ್." ನನ್ನನ್ನು ಕೇಳದೆ ನನ್ನ ಗಾಡಿಯ ಬ್ಲಾಕ್ ಗುಜರಿಗೆ ಹಾಕೋಕೆ ಇವನು ಯಾರು?

ಕಂಪ್ಲೇಂಟ್ ಕೊಡ್ತೀನಿ ಅಂದಾಗ ನಿಜವಾದ ಮುಖ ತೋರಿಸಿದ. "ಕೊಡಿ ಸಾರ್. ಗಾಡಿ ಮಾಡಿಫೈ ಮಾಡಿಸಿರೋದು ನೀವು. ಮೊದಲು ನಿಮ್ಮ ಗಾಡೀನೇ ಎತ್ಕೊಂಡು ಹೋಗ್ತಾರೆ." ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಇದೆ, 2019ರ ತಿದ್ದುಪಡಿ ಆದಮೇಲೆ ಮಾಲೀಕನಿಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, 6 ತಿಂಗಳವರೆಗೆ ಜೈಲು ಕೂಡ ಆಗಬಹುದು. ಅದು ಅವನಿಗೆ ಬಾಯಿಪಾಠ. ದುಡ್ಡು ಎಣಿಸಿಕೊಳ್ಳುವಾಗ ಒಂದು ಮಾತೂ ಹೇಳಲಿಲ್ಲ. ನಾವು ಹೆದರಿ ಬಾಯಿ ಮುಚ್ಚಿಕೊಳ್ತೀವಿ ಅಂತ ಗೊತ್ತಿದ್ದೇ ಇಂಥವರು ಈ ಧೈರ್ಯ ಮಾಡೋದು.

ಇನ್ನೊಂದು ವಿಷಯ. ಇಂಜಿನ್ ನಂಬರ್ ಇರೋದು ಕ್ರ್ಯಾಂಕ್ ಕೇಸ್ ಮೇಲೆ. ಬ್ಲಾಕ್ ಬದಲಾಯಿಸಿದರೆ ಆರ್‌ಸಿಯಲ್ಲಿ ಏನೂ ಗೊತ್ತಾಗಲ್ಲ. 1996ಕ್ಕೆ ಕಂಪನಿ ಈ ಗಾಡಿ ಮಾಡೋದನ್ನೇ ನಿಲ್ಲಿಸಿತು, ಹಳೇ ಒರಿಜಿನಲ್ ಬ್ಲಾಕಿಗೆ ಈಗ ಚಿನ್ನದ ಬೆಲೆ. ಪೋರ್ಟಿಂಗ್ ಅಂದರೆ ಬ್ಲಾಕ್ ಬಿಚ್ಚಲೇಬೇಕು, ಎಷ್ಟೋ ಸಲ ಅದು ಅಂಗಡಿಯಿಂದ ಹೊರಗೂ ಹೋಗುತ್ತೆ. ಕದಿಯೋಕೆ ಇದಕ್ಕಿಂತ ಸುಲಭದ ದಾರಿ ಇದೆಯಾ?

ಕೊಡಲೇಬೇಕು ಅಂತಿದ್ದರೆ ಫಿನ್ ಸಂದಿಯಲ್ಲಿ ಪಂಚ್ ಹೊಡೆದು ನಿಮ್ಮದೇ ಗುರುತು ಮಾಡಿ, ಎಲ್ಲಾ ಕಡೆಯಿಂದ ಫೋಟೋ ತೆಗೆದುಕೊಳ್ಳಿ. ಕಾರ್ಬ್ಯುರೇಟರಿಗೂ ಅಷ್ಟೇ. ಲೇತಿಗೆ ನೀವೇ ತೆಗೆದುಕೊಂಡು ಹೋಗಿ. ಕಸ್ಟಮರ್‌ನ ಬಿಡಲ್ಲ ಅಂದರೆ ಗಾಡಿ ತಳ್ಳಿಕೊಂಡು ವಾಪಸ್ ಬನ್ನಿ. ಕೇಳದೆ ಪೇಂಟ್ ಹೊಡೆದು ಕೊಟ್ಟರೆ ಅಲ್ಲೇ, ಅವನ ಎದುರಿಗೇ ಕೆರೆದು ನೋಡಿ.

ನಾನು ಬಿಡಲ್ಲ. ಮೆಸೇಜ್, ಫೋಟೋ, ಆ ಕಾರ್ಡು ಎಲ್ಲಾ ಇಟ್ಟುಕೊಂಡಿದ್ದೇನೆ, ಗ್ರಾಹಕರ ಆಯೋಗಕ್ಕೆ ಹೋಗೋಕೆ ವಕೀಲರ ಹತ್ತಿರ ಮಾತಾಡುತ್ತಿದ್ದೇನೆ. ಆ ಬ್ಲಾಕ್ ಗುಜರಿಗೆ ಹೋಗಿಲ್ಲ, ಯಾವುದೋ ಗಾಡಿಗೆ ಹಾಕೋಕೆ ಯಾರಿಗೋ ಮಾರಿದ್ದಾನೆ ಅಂತ ನನಗೆ ಅನಿಸುತ್ತೆ. ಎಡಗಡೆ ಕೆಳಗಿನ ಫಿನ್ ಮೂಲೆ ಇಲ್ಲದ, ಅಲ್ಲಿ ಅರ ಉಜ್ಜಿದ ಗೆರೆ ಇರುವ ಬ್ಲಾಕ್ ಯಾರ ಕಣ್ಣಿಗಾದರೂ ಬಿದ್ದರೆ ದಯವಿಟ್ಟು ತಿಳಿಸಿ. ಕೊಂಡವರ ಮೇಲೆ ನನಗೆ ಸಿಟ್ಟಿಲ್ಲ, ಅವರು ಕೊಟ್ಟ ದುಡ್ಡು ಕೊಟ್ಟೇ ತಗೋತೀನಿ.