ಡಬ್ಲಿನ್‌ನ ಮನೆಯಿಲ್ಲದ ಕುಟುಂಬಗಳಿಗೆ: ಪ್ರವಾಸಿ ಬಾಡಿಗೆಯ ಮನೆಯೋ, ಮಾಡ್ಯುಲರ್ ಮನೆಯೋ?

ಹೋಟೆಲ್ ರೂಮಿನಲ್ಲಿ ಸಂಸಾರ ಅಂದರೆ ಒಲೆ ಇಲ್ಲ, ಹೋಂವರ್ಕಿಗೆ ಮೇಜಿಲ್ಲ, ಊಟವೂ ಮಂಚದ ಮೇಲೆ. ಐರ್ಲೆಂಡಿನ ರಾಜಧಾನಿ ಡಬ್ಲಿನ್‌ನಲ್ಲಿ ನೂರಾರು ಕುಟುಂಬಗಳು ಹೀಗೇ ದಿನ ದೂಡಿವೆ. ಅವರಿಗೆ ಮನೆ ಕೊಡಲು ನಗರದ ಮುಂದೆ ಮುಖ್ಯವಾಗಿ ಎರಡು ದಾರಿಗಳಿವೆ.

ಏರ್‌ಬಿಎನ್‌ಬಿಗೆ (ಪ್ರವಾಸಿಗರಿಗೆ ಸ್ವಲ್ಪ ದಿನಕ್ಕೆ ಮನೆ ಬಾಡಿಗೆ ಕೊಡಿಸುವ ಜಾಲತಾಣ) ಹೋದ ಮನೆಗಳನ್ನು ವಾಪಸ್ ತರುವುದು ಒಂದು. ಗೋಡೆ, ನಲ್ಲಿ, ಹತ್ತಿರದಲ್ಲೇ ಬಸ್ಸು, ಎಲ್ಲ ರೆಡಿ. ಬಾಡಿಗೆ ವಿಪರೀತ ಏರಿದ ಪ್ರದೇಶಗಳಿಗೆ 2019ರ ಜುಲೈನಲ್ಲಿ ನಿಯಮ ಬಂತು: ಸ್ವಂತ ವಾಸದ ಇಡೀ ಮನೆಯನ್ನು ಪ್ರವಾಸಿಗರಿಗೆ ವರ್ಷಕ್ಕೆ 90 ದಿನ ಮಾತ್ರ ಕೊಡಬಹುದು, ಎರಡನೇ ಮನೆಯನ್ನು ಹಾಗೆ ಕೊಡಲು ಅನುಮತಿ ಬೇಕು. ಆದರೆ ಸುಮ್ನೆ ಕಾನೂನು ಬರೆದರೆ ಸಾಲದು, ಹಿಡಿಯುವವರೂ ಬೇಕಲ್ವಾ? ವಾಪಸ್ ಬಂದ ಮನೆಯ ಬಾಡಿಗೆ ಬಡವರ ಕೈಗೆಟಕುತ್ತದೆ ಅನ್ನುವ ಖಾತ್ರಿಯೂ ಇಲ್ಲ.

ಇನ್ನೊಂದು ದಾರಿ ಮಾಡ್ಯುಲರ್ ಮನೆ. ಇದರ ಭಾಗಗಳು ಫ್ಯಾಕ್ಟರಿಯಲ್ಲಿ ತಯಾರಾಗಿ ಸೈಟಿನಲ್ಲಿ ಜೋಡಣೆಯಾಗುತ್ತವೆ. ಡಬ್ಲಿನ್‌ನ ಬಾಲಿಮನ್ ಬಡಾವಣೆಯ ಪಾಪಿನ್‌ಟ್ರೀಯಲ್ಲಿ 22 ಮನೆಗಳು 2015ರ ಕ್ರಿಸ್‌ಮಸ್‌ಗೆ ಸಿಗಬೇಕಿತ್ತು. ಕುಟುಂಬಗಳು ಬಂದದ್ದು 2016ರಲ್ಲಿ. ಫ್ಯಾಕ್ಟರಿ ಎಷ್ಟೇ ಚುರುಕಾಗಿದ್ದರೂ ಪಾಯ, ಚರಂಡಿ, ಕರೆಂಟು ತಮ್ಮ ಸಮಯ ತಗೊಳ್ಳುತ್ತವೆ. ಆದರೂ ಮನೆ ನಗರಸಭೆಯದ್ದೇ ಆಗಿ ಉಳಿಯುತ್ತದೆ, ಮಾಲೀಕರು ಖಾಲಿ ಮಾಡಿಸುವ ಭಯ ಇಲ್ಲ.

ಜಾಗ ಕೈಯಲ್ಲಿದ್ದರೆ ನನ್ನ ಓಟು ಮಾಡ್ಯುಲರ್‌ಗೆ. ಇಲ್ಲದಿದ್ದರೆ ಮೊದಲು ಏರ್‌ಬಿಎನ್‌ಬಿ ಮನೆಗಳ ತಪಾಸಣೆಗೆ ಜನ ನೇಮಿಸಿ.