‘ಕೈಯಾಗ ಕೊಡ್ರಿ’ ಅಂದ್ರೆ ಅರ್ಜಿ ಕೊಡಬೇಡಿ

ಅಪ್ಪ ತೀರಿಕೊಂಡ ಮೇಲೂ ನಮ್ಮ ನಾಲ್ಕು ಎಕರೆ ತೊಗರಿ ಹೊಲದ ಪಹಣಿಯಲ್ಲಿ ಅವರದೇ ಹೆಸರಿತ್ತು. ಹೋಗ್ಲಿ ಬಿಡು, ಮುಂದೆ ನೋಡೋಣ ಅಂತ ಸುಮ್ನೆ ಇದ್ದುಬಿಟ್ಟಿದ್ದೆವು. 2022ರಲ್ಲಿ ನೆಟೆ ರೋಗ ಬಂದು ಕಲಬುರಗಿ ಕಡೆ ತೊಗರಿ ನಿಂತಲ್ಲೇ ಒಣಗಿತಲ್ಲ, ಆಮೇಲೆ ಪಕ್ಕದ ಹೊಲದವರಿಗೆ ಪರಿಹಾರ ಬಂತು, ನಮಗೆ ಬರಲಿಲ್ಲ. ಆಗ ಬುದ್ಧಿ ಬಂತು. ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ಪೌತಿ ಖಾತೆ, ಅಂದ್ರೆ ತೀರಿಕೊಂಡವರ ಹೊಲ ವಾರಸುದಾರರ ಹೆಸರಿಗೆ, ಮಾಡಿಸಲು ಹೋದೆ. ಯಾವ ತಾಲ್ಲೂಕು ಅಂತ ಹೇಳಲ್ಲ, ಜಿಲ್ಲೆ ಕಲಬುರಗಿ, ಅಷ್ಟು ಸಾಕು.

ಕೌಂಟರಿನ ಸಾಲಿನಲ್ಲಿ ನಿಂತಿದ್ದೆ. ಒಳಗಿನಿಂದ ಒಬ್ಬರು ಬಂದರು. "ಇಲ್ಲಿ ಹಾಕಿದ್ರ ಆರು ತಿಂಗಳು ಆಗ್ತದ ರೀ ಅಣ್ಣಾರ. ನನ್ನ ಕೈಯಾಗ ಕೊಡ್ರಿ, ಸಾಹೇಬ್ರ ಸಹಿ ನಾ ಮಾಡಸ್ತೀನಿ" ಅಂದರು. ಅಷ್ಟು ಪ್ರೀತಿಯಿಂದ ಕರೆದರೆ ಯಾರಾದ್ರೂ ಬೇಡ ಅಂತಾರಾ?

ಖರ್ಚು ಎಂಟು ಸಾವಿರ ಅಂದರು. ನೋಟು ತೆಗೆದರೆ ಹಾವು ಕಂಡವರ ಹಾಗೆ ಹಿಂದೆ ಸರಿದರು. ಲೋಕಾಯುಕ್ತದವರು ನೋಟಿಗೆ ಪುಡಿ ಹಚ್ಚಿ ಕಳಿಸ್ತಾರಲ್ಲ, ಮುಟ್ಟಿದ ಕೈ ತೊಳೆಸಿದರೆ ನೀರು ಗುಲಾಬಿ ಬಣ್ಣ ಆಗುತ್ತೆ, ಆ ಭಯ. ಗೇಟಿನ ಎದುರಿನ ಝೆರಾಕ್ಸ್ ಅಂಗಡಿ ತೋರಿಸಿದರು, ಅಲ್ಲೇ ಫೋನ್‌ಪೇ ಮಾಡಿದೆ. ಪುಟ್ಟ ಡಬ್ಬಿ ‘ಎಂಟು ಸಾವಿರ ರೂಪಾಯಿ’ ಅಂತ ಅಂಗಡಿಗೆಲ್ಲ ಕೇಳುವ ಹಾಗೆ ಕೂಗಿತು. ಹಾಳೆಗೆ ಎರಡು ರೂಪಾಯಿ ತಗೊಳ್ಳೋ ಅಂಗಡಿ ಅದು, ಆದರೂ ಅಲ್ಲಿದ್ದ ಒಬ್ಬರೂ ತಿರುಗಿ ನೋಡಲಿಲ್ಲ.

ನಾಲ್ಕು ತಿಂಗಳು "ನಾಳಿ ಬರ್ರಿ" ಆಯಿತು. ಆಮೇಲೆ ಅವರಿಗೆ ವರ್ಗ. ಹೊಸಬರು ಕಂಪ್ಯೂಟರ್ ನೋಡಿ, "ನಿಮ್ಮ ಅರ್ಜಿನೇ ಇಲ್ಲಲ್ರೀ, ನಂಬರ್ ಏನದ?" ಅಂದರು.

ಕೈಯಲ್ಲಿ ಕೊಟ್ಟ ಅರ್ಜಿಗೆ ನಂಬರ್ ಎಲ್ಲಿಂದ ಬರಬೇಕು! ಸರ್ಕಾರಿ ಕೆಲಸ ಗಡುವಿನೊಳಗೆ ಮಾಡಿಕೊಡಬೇಕು ಅನ್ನೋ 2011ರ ಸಕಾಲ ಕಾಯ್ದೆ ಪ್ರಕಾರ ಅರ್ಜಿ ಹಾಕಿದ ಕೂಡಲೇ ಜಿಎಸ್‌ಸಿ ನಂಬರ್, ಅಂದ್ರೆ ಅರ್ಜಿಯ ಗುರುತಿನ ನಂಬರ್, ಇರುವ ಚೀಟಿ ಕೊಡಬೇಕು. ಗಡುವು ಎಣಿಸುವುದೇ ಅದರಿಂದ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳಬಹುದು, ಅದು ತಡ ಮಾಡಿದವರ ಸಂಬಳದಿಂದ ಹೋಗುತ್ತೆ. ನಂಬರ್ ಇಲ್ಲದಿದ್ದರೆ ತಡ ಅನ್ನೋದೇ ಇಲ್ಲ. ಆ ಮನುಷ್ಯ ನನ್ನನ್ನು ಸಾಲಿನಿಂದ ಯಾಕೆ ಎಳೆದ ಅಂತ ಅವತ್ತು ಹೊಳೆಯಿತು.

ದೂರು ಕೊಡೋಣ ಅಂತ ಪರಿಚಯದ ವಕೀಲರ ಹತ್ತಿರ ಹೋದೆ. ಯಾವಾಗ ಕೊಟ್ಟಿರಿ ಅಂತ ಮೊದಲು ಅದನ್ನೇ ಕೇಳಿದರು. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ಆಗಿದೆ, ಲಂಚ ಕೊಟ್ಟವರದೂ ತಪ್ಪೇ, ಒತ್ತಾಯಕ್ಕೆ ಕೊಟ್ಟಿದ್ದರೆ 7 ದಿನದ ಒಳಗೆ ತಿಳಿಸಬೇಕಿತ್ತು ಅಂದರು. ನಾನು ಹೋಗಿದ್ದು ನಾಲ್ಕು ತಿಂಗಳಿಗೆ. ಕೊಡುವ ಮೊದಲೇ ಲೋಕಾಯುಕ್ತಕ್ಕೆ ಹೇಳಿದ್ದರೆ ನನಗೆ ಏನೂ ಆಗ್ತಿರಲಿಲ್ಲವಂತೆ.

ಕೊನೆಗೆ ಕೌಂಟರಿನಲ್ಲೇ ಹೊಸದಾಗಿ ಅರ್ಜಿ ಹಾಕಿ ಚೀಟಿ ತಗೊಂಡೆ. ಖಾತೆ ಆಯಿತು, ಯಾರೂ ಜಾಸ್ತಿ ಒಂದು ಪೈಸೆ ಕೇಳಲಿಲ್ಲ. ಎಂಟು ಸಾವಿರ ಮಾತ್ರ ಬರಲಿಲ್ಲ. ಝೆರಾಕ್ಸ್ ಅಂಗಡಿಯವನು ಈಗಲೂ ಕಂಡಾಗೆಲ್ಲ "ಬರ್ರಿ ಅಣ್ಣಾರ, ಚಹಾ ಕುಡೀರಿ" ಅಂತಾನೆ.