ಅರ್ಧ ಮಿಲಿಮೀಟರಿಗೆ ಹೋದ 18,500 ರೂಪಾಯಿ

ಹಳೆಯ ಲೇತಿಗೆ (ಲೋಹದ ತುಂಡನ್ನು ತಿರುಗಿಸುತ್ತ ಕೊರೆಯುವ ಯಂತ್ರ) ಕೊಲೆಟ್, ಅಂದರೆ ಕಂಬಿಯನ್ನು ಸುತ್ತಲೂ ಒಂದೇ ಸಮ ಹಿಡಿಯುವ ಸೀಳಿದ ಬಳೆ, ಹಾಕಿಸಬೇಕೆಂದು ಯೋಚಿಸುತ್ತಿರುವವರು ಹಣ ಕಳಿಸುವ ಮೊದಲು ಇದನ್ನು ಓದಿ. ನಾನು ಎರಡು ಸಲ ಕೈ ಸುಟ್ಟುಕೊಂಡಿದ್ದೇನೆ. ಮೊದಲ ಸಲ ಹೋದದ್ದು ಹಣ. ಎರಡನೆಯ ಸಲ ಲೇತಿನ ಸ್ಪಿಂಡಲ್ಲಿಗೇ, ಅಂದರೆ ತುಂಡನ್ನು ತಿರುಗಿಸುವ ಟೊಳ್ಳು ಅಚ್ಚಿಗೇ, ಗಾಯವಾಯಿತು.

ಬಳ್ಳಾರಿಯ ಕೌಲ್ ಬಜಾರಿನಲ್ಲಿ ನನ್ನದು ಒಂದು ಕೋಣೆಯ ವರ್ಕ್‌ಶಾಪ್. ಊರಿನ ಜೀನ್ಸ್ ಘಟಕಗಳ ಹೊಲಿಗೆ ಯಂತ್ರಗಳಿಗೆ ಬೇಕಾದ ಪಿನ್ನು, ಬುಶ್, ಸಣ್ಣ ಶಾಫ್ಟುಗಳೇ ಹೆಚ್ಚಿನ ಕೆಲಸ. ಲೇತ್ ಪಂಜಾಬಿನ ಬಟಾಲಾದಲ್ಲಿ ತಯಾರಾದ ನಾಲ್ಕೂವರೆ ಅಡಿಯ ಬೆಲ್ಟ್ ಯಂತ್ರ, ವಯಸ್ಸಿನಲ್ಲಿ ನನಗಿಂತ ಹಿರಿಯದು. ಬೆಡ್ ಇನ್ನೂ ಗಟ್ಟಿಯಾಗಿದೆ, ಸವೆದಿರುವುದು ಮೂರು ದವಡೆಗಳಿಂದ ತುಂಡನ್ನು ಕಚ್ಚುವ ತ್ರೀ ಜಾ ಚಕ್. 10 ಮಿ.ಮೀ. ಬ್ರೈಟ್ ಬಾರ್ (ನಯವಾದ ಉಕ್ಕಿನ ಕಂಬಿ) ಕಚ್ಚಿಸಿ, ಓಲಾಟ ಅಳೆಯುವ ಡಯಲ್ ಗೇಜ್ ಇಟ್ಟರೆ ಮುಳ್ಳು 0.15 ಮಿ.ಮೀ. ಓಲಾಡುತ್ತಿತ್ತು. ಒಂದು ತುದಿ ಮಾಡಿ, ತಿರುಗಿಸಿ ಇನ್ನೊಂದು ತುದಿ ಮಾಡಿದರೆ ಎರಡೂ ಒಂದೇ ನೇರದಲ್ಲಿ ಬರುತ್ತಿರಲಿಲ್ಲ. ಸಾಲದ್ದಕ್ಕೆ ಹೊಳೆಯುವ ಬಾರಿನ ಮೇಲೆ ಜಾಗಳ ಮೂರು ಗುರುತು. ಒಂದು ಘಟಕದಿಂದ ತಿಂಗಳಿಗೆ 600 ಪಿನ್ನುಗಳ ಕೆಲಸ ಸಿಕ್ಕಾಗ, ಇನ್ನು ಕೊಲೆಟ್ ಇಲ್ಲದೆ ಆಗದು ಎಂದು ತೀರ್ಮಾನಿಸಿದೆ.

ರಾತ್ರಿಯೆಲ್ಲ ಮೊಬೈಲಿನಲ್ಲಿ ವಿಡಿಯೊ ನೋಡಿದೆ. ಅಲ್ಲಿ ಎಲ್ಲರ ಬಾಯಲ್ಲೂ 5ಸಿ ಎಂಬ ಬಗೆಯ ಕೊಲೆಟಿನ ಮಾತು. ಸ್ಪಿಂಡಲ್ಲಿನ ಹಿಂದಿನಿಂದ ಒಂದು ಕೊಳವೆ ಬಂದು ಕೊಲೆಟನ್ನು ಒಳಕ್ಕೆಳೆಯುತ್ತದೆ, ಹಿಡಿಕೆಯನ್ನು ಒಂದು ಸಲ ತಿರುವಿದರೆ ಬಾರ್ ಬಿಗಿ, ಇನ್ನೊಂದು ಸಲ ತಿರುವಿದರೆ ಸಡಿಲ. ನೋಡುತ್ತ ನೋಡುತ್ತ ಬೆರಗಾದೆ. ಮಾರುವವರಿಗೆ ಫೋನ್ ಮಾಡಿ ಲೇತ್ ನಾಲ್ಕೂವರೆ ಅಡಿಯದು ಎಂದೆ. “ಎಲ್ಲ ಲೇತಿಗೂ ಕೂರುತ್ತದೆ ಸಾರ್” ಎಂದರು. ಸ್ಪಿಂಡಲ್ ಬಾಯಿ ಎಷ್ಟು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೇಳೋಣವೆಂದರೆ ನನಗೇ ಗೊತ್ತಿರಲಿಲ್ಲ.

ಹಾಗೇ 18,500 ರೂಪಾಯಿ ಕಳಿಸಿದೆ. ಪೆಟ್ಟಿಗೆ ಬಂದ ದಿನ ಗ್ರೀಸ್ ಕಾಗದ ಬಿಚ್ಚಿ ಒಂದು ಕೊಲೆಟನ್ನು ಸ್ಪಿಂಡಲ್ ಬಾಯಿಗೆ ಹಿಡಿದೆ. ಬಾಯಿಯ ಅಂಚಿಗೆ ತಾಗಿ ಅಲ್ಲೇ ನಿಂತಿತು. ಒಳಗೆ ಕೂದಲೆಳೆಯಷ್ಟೂ ಹೋಗಲಿಲ್ಲ. ಅಳೆಯುವ ವರ್ನಿಯರ್ ತೆಗೆದದ್ದು ಆಗ. 5ಸಿ ಕೊಲೆಟಿನ ಮೈ 1.25 ಇಂಚು, ಅಂದರೆ 31.75 ಮಿ.ಮೀ. ನನ್ನ ಸ್ಪಿಂಡಲ್ಲಿನದು 4ನೇ ನಂಬರಿನ ಮೋರ್ಸ್ ಟೇಪರ್, ಅಂದರೆ ಒಳಕ್ಕೆ ಹೋದಂತೆ ಕಿರಿದಾಗುವ ಬಾಯಿ. ಅದರ ದೊಡ್ಡ ತುದಿಯ ವ್ಯಾಸ 31.27. ಮತ್ತೆ ಫೋನ್ ಮಾಡಿದರೆ “ಒಂದು ಸ್ಲೀವ್ ಮಾಡಿಸಿಕೊಳ್ಳಿ” ಎಂಬ ಉತ್ತರ ಬಂತು. ಬಾಯಿಗಿಂತ ಕೊಲೆಟೇ ದಪ್ಪವಿರುವಾಗ ನಡುವೆ ಸ್ಲೀವ್ ಎಂಬ ಹೊರಕೊಳವೆ ಎಲ್ಲಿ ಕೂರಬೇಕು? ತೆರೆದ ಪೆಟ್ಟಿಗೆ ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದೂ ಸೇರಿಸಿದರು.

ಪಕ್ಕದ ಓಣಿಯಲ್ಲಿ ನಲವತ್ತು ವರ್ಷ ಲೇತ್ ಓಡಿಸಿದ ಚಾಚಾ ಒಬ್ಬರಿದ್ದಾರೆ. ಬಂದು ನೋಡಿ ಮೊದಲು ನಕ್ಕರು. “ಅರ್ಧ ಮಿಲಿಮೀಟರ್ ಎಂದು ಅಳಬೇಡಪ್ಪ, ಅರ್ಧ ಹೆಚ್ಚಿದ್ದರೂ ಇದು ಕೂರುತ್ತಿರಲಿಲ್ಲ” ಎಂದು ವಿವರಿಸಿದರು. ಕೊಲೆಟಿನ ಸುತ್ತ ಸ್ಲೀವಿನ ಗೋಡೆ ಬೇಕು, ಎಳೆಯುವ ಕೊಳವೆ ಸ್ಪಿಂಡಲ್ ತೂತಿನ ಉದ್ದಕ್ಕೂ ಹಾಯಬೇಕು. 44.4 ಮಿ.ಮೀ. ಬಾಯಿಯ 5ನೇ ನಂಬರ್ ಮೋರ್ಸ್ ಇದ್ದು, ತೂತೂ 35 ಮಿ.ಮೀ. ದಾಟಿದ್ದರೆ 5ಸಿ ಮಾತು. ನನ್ನ ತೂತು 26.

ಇನ್ನೂ ಒಂದು ಎಡವಟ್ಟು ಪೆಟ್ಟಿಗೆಯೊಳಗೇ ಇತ್ತು. ಸೆಟ್ಟು ಇಂಚಿನದು, 1/16 ಇಂಚಿನ ಮೆಟ್ಟಿಲಿನಲ್ಲಿ ಏರುವಂಥದು. 5ಸಿ ಕೊಲೆಟ್ ತನ್ನ ಗಾತ್ರದಿಂದ ಕೆಲವೇ ಸಾವಿರಾಂಶ ಇಂಚು ಆಚೀಚೆ ಹಿಡಿಯುತ್ತದೆ, ಅಷ್ಟೇ. ನನ್ನ 10 ಮಿ.ಮೀ. ಬಾರ್ 3/8 ಇಂಚಿನ, ಅಂದರೆ 9.5 ಮಿ.ಮೀ. ಕೊಲೆಟಿನಲ್ಲಿ ಹೋಗದು. ಮುಂದಿನದು 7/16, ಅಂದರೆ 11.1. ಅದರಲ್ಲಿ ಗಡಗಡ ಅಲುಗಾಡುತ್ತದೆ. ಮಿಲಿಮೀಟರ್ ಗಾತ್ರದ 5ಸಿ ಕೊಲೆಟುಗಳೂ ಸಿಗುತ್ತವೆ, ಕೇಳಿ ತರಿಸಬೇಕು. ಲೇತಿಗೆ ಕೂತಿದ್ದರೂ ಆ ಸೆಟ್ಟಿನಿಂದ ನನ್ನ ಒಂದು ಪಿನ್ನೂ ಆಗುತ್ತಿರಲಿಲ್ಲ. ಹದಿನೆಂಟೂವರೆ ಸಾವಿರ ಕೊಟ್ಟು ಕಲಿತ ಅಂಕಗಣಿತ ಇದು.

ಅಷ್ಟಾದರೂ ಬುದ್ಧಿ ಬರಲಿಲ್ಲ. ಎರಡನೆಯ ಸಲ ಇಆರ್32 ಎಂಬ ಬೇರೆ ಬಗೆಯ ಕೊಲೆಟ್ ತರಿಸಿದೆ. ಇಆರ್ ಕೊಲೆಟ್ ಸ್ವಿಟ್ಜರ್ಲೆಂಡಿನ ರೆಗೊ-ಫಿಕ್ಸ್ ಕಂಪನಿಯ ಕೂಸು. ಈಗ ಅದೇ ಅಳತೆ ಡಿನ್ 6499 ಎಂಬ ಜರ್ಮನ್ ಮಾನಕದ ಹೆಸರಿನಲ್ಲಿ ಎಲ್ಲ ಕಡೆ ನಡೆಯುತ್ತದೆ. ಒಂದೊಂದು ಕೊಲೆಟೂ 1 ಮಿ.ಮೀ. ವರೆಗೆ ಕುಗ್ಗುವುದರಿಂದ 3ರಿಂದ 20ರವರೆಗಿನ 18 ತುಂಡುಗಳಲ್ಲಿ ನನ್ನ ಎಲ್ಲ ಬಾರುಗಳೂ ಬರುತ್ತವೆ. ಕೊಲೆಟಿನ ಆಯ್ಕೆ ಸರಿಯಾಗಿತ್ತು. ತಪ್ಪಿದ್ದು ಅದನ್ನು ಹಿಡಿಯುವ ಹೋಲ್ಡರಿನಲ್ಲಿ. ಮೋರ್ಸ್ 4ರ ದಂಡವಿದ್ದದ್ದು ಬಾಯಿಗೆ ಸರಿಯಾಗಿ ಕೂರುತ್ತದೆ ಎಂದು ಕೊಂಡೆ. ಕೂತಿತು ಕೂಡ. ಡಯಲ್ ಮುಳ್ಳು 0.02ರಲ್ಲಿ ನಿಂತಾಗ ಎದುರಿನ ಅಂಗಡಿಯವರಿಗೆಲ್ಲ ಚಹಾ ಹೇಳಿದ್ದೆ.

ಮೊದಲ ತೊಂದರೆ ಅಂದೇ ಸಂಜೆ ಕಂಡಿತು. ದಂಡ ಸ್ಪಿಂಡಲ್ ತೂತನ್ನು ಪೂರ್ತಿ ಮುಚ್ಚಿಬಿಡುತ್ತದೆ. ಮೂರು ಮೀಟರ್ ಬಾರನ್ನು ಹಿಂದಿನಿಂದ ತೂರಿಸಿ, ಒಂದೊಂದೇ ಪಿನ್ ಕತ್ತರಿಸುತ್ತ ಮುಂದಕ್ಕೆಳೆದುಕೊಳ್ಳುವ ಸುಖವೇ ಇಲ್ಲ. 70 ಮಿ.ಮೀ. ತುಂಡುಗಳಾಗಿ ಮೊದಲೇ ಕೊಯ್ದು ಒಂದೊಂದನ್ನೂ ಕಚ್ಚಿಸಬೇಕು. ತ್ರೀ ಜಾ ಚಕ್ಕಿನಲ್ಲೇ ಇದಕ್ಕಿಂತ ಬೇಗ ಮುಗಿಯುತ್ತಿತ್ತು.

ಎರಡನೆಯದು ದೊಡ್ಡದು. ಆ ಹೋಲ್ಡರಿನ ಬಾಲದಲ್ಲಿ ಥ್ರೆಡ್ ಇರಲಿಲ್ಲ. ಡ್ರಿಲ್ ದಂಡದಂತೆ ಚಪ್ಪಟೆ ನಾಲಿಗೆ ಇತ್ತು. ಥ್ರೆಡ್ ಇರುವ ಮೋರ್ಸ್ 4ರಲ್ಲಿ ಎಂ16 ಡ್ರಾಬಾರ್ (16 ಮಿ.ಮೀ. ಥ್ರೆಡ್ಡಿನ ಉದ್ದ ಬೋಲ್ಟು) ಹಾಕಿ ಹಿಂದಿನಿಂದ ಎಳೆದು ಬಿಗಿಯಬಹುದು. ನಾನು ಮರದ ಸುತ್ತಿಗೆಯಲ್ಲಿ ಎರಡು ಏಟು ಕೊಟ್ಟು ಕೂರಿಸಿದ್ದೆ. ಮೋರ್ಸ್ ಟೇಪರ್ ತನ್ನಷ್ಟಕ್ಕೆ ಕಚ್ಚಿಕೊಳ್ಳುವುದು ನಿಜ, ಆದರೆ ಅದು ಡ್ರಿಲ್ ಒತ್ತುವಂತೆ ಒಳಕ್ಕೆ ಒತ್ತಡವಿದ್ದಾಗ. ಪಕ್ಕದಿಂದ ಟೂಲ್ ಬಡಿಯುತ್ತಿದ್ದರೆ ಆ ಹಿಡಿತವನ್ನು ನಂಬುವಂತಿಲ್ಲ.

ಅಂದು ಅಡ್ಡ ತೂತಿದ್ದ ಪಿನ್ ಮಾಡುತ್ತಿದ್ದೆ. ಪ್ರತಿ ಸುತ್ತಿಗೂ ಟೂಲ್ ತೂತಿನ ಅಂಚಿಗೆ ಟಕ್, ಟಕ್ ಎನ್ನುತ್ತಿತ್ತು. ಐದಾರು ನಿಮಿಷಕ್ಕೆ ಆ ಸದ್ದು ಮಂದವಾಯಿತು. ಸದ್ದು ಕಡಿಮೆಯಾಯಿತಲ್ಲ ಎಂದು ಖುಷಿಪಟ್ಟವನು ನಾನೇ. ಅದು ಹೋಲ್ಡರ್ ಸಡಿಲಾದ ಸದ್ದು. ಮರುಕ್ಷಣ ಸ್ಪಿಂಡಲ್ಲಿನೊಳಗಿಂದ ಕೀರಲು ಚೀತ್ಕಾರ, ಸುಟ್ಟ ಎಣ್ಣೆಯ ವಾಸನೆ. ಸ್ವಿಚ್ಚಿಗೆ ಕೈ ಹೋಗುವಷ್ಟರಲ್ಲಿ ಹೋಲ್ಡರ್ ಪಿನ್ನಿನ ಸಮೇತ ಹೊರಬಿದ್ದು ಟೂಲ್ ಕೂರುವ ಕ್ರಾಸ್ ಸ್ಲೈಡಿಗೆ ಬಡಿದು ನೆಲಕ್ಕುರುಳಿತು. ಕೆಲಸದ ಹುಡುಗ ಚಹಾ ತರಲು ಹೋಗಿದ್ದ. ತಲೆಗೆ ಬಂದದ್ದು ಮುಂಡಾಸಿಗೆ ಹೋಯಿತು.

ಲೇತ್ ತಣ್ಣಗಾದ ಮೇಲೆ ಸ್ಪಿಂಡಲ್ ಬಾಯಿಯೊಳಗೆ ಬೆರಳಾಡಿಸಿದೆ. ಕನ್ನಡಿಯಂತಿದ್ದ ಗೋಡೆಯಲ್ಲಿ ಉಗುರಿಗೆ ಸಿಗುವ ಎರಡು ಗೀರು, ಒಂದು ಕಡೆ ಕಬ್ಬಿಣ ಉಬ್ಬಿ ಅಂಟಿಕೊಂಡಿತ್ತು. ಅದರಲ್ಲಿ ಸೆಂಟರ್ (ತುಂಡಿಗೆ ಆಧಾರ ಕೊಡುವ ಚೂಪು ತುದಿಯ ದಂಡ) ಇಟ್ಟರೆ ನೆಟ್ಟಗೆ ಕೂರುತ್ತಿರಲಿಲ್ಲ. ತೂತು ಹೆರೆಯುವ ರೀಮರ್ ಹಾಕಿ ಬಿಡೋಣವೆಂದರೆ ಚಾಚಾ ಗದರಿದರು. ಎಣ್ಣೆಕಲ್ಲಿನಿಂದ ಉಬ್ಬಿದ ಜಾಗವನ್ನು ಮಾತ್ರ ತಿಕ್ಕಿ, ಒಳ್ಳೆಯ ಸೆಂಟರಿಗೆ ನೀಲಿ ಬಣ್ಣ ಹಚ್ಚಿ ತಿರುಗಿಸಿ, ಎಲ್ಲಿ ತಾಗುತ್ತದೆಂದು ನೋಡಿ, ಮತ್ತೆ ತಿಕ್ಕಿ, ಒಂದೂವರೆ ದಿನ ಕೂತರು. ಉಬ್ಬು ಹೋಯಿತು. ಗೀರುಗಳು ಈಗಲೂ ಇವೆ.

ಕೊನೆಗೆ ನಡೆದದ್ದು ಮೂರನೆಯ ದಾರಿ. ಇಆರ್32 ಕೊಲೆಟುಗಳನ್ನೇ ಹಿಡಿಯುವ, ಬೆನ್ನಿಗೆ ಫ್ಲ್ಯಾಂಜ್ (ಬೋಲ್ಟ್ ಹಾಕುವ ಅಗಲ ಅಂಚು) ಇರುವ ಚಕ್ ಸಿಗುತ್ತದೆ. ನಡುವೆ ತೂತು ಆರಪಾರ, ಬಾರ್ ಹಿಂದಿನಿಂದ ನೇರ ಹಾಯುತ್ತದೆ. ತ್ರೀ ಜಾ ಚಕ್ ಕೂರುವಂತೆ ಇದೂ ಬ್ಯಾಕ್ ಪ್ಲೇಟಿನ ಮೇಲೆ ಕೂರುತ್ತದೆ, ಸ್ಪಿಂಡಲ್ಲಿನ ಟೇಪರಿಗೆ ತಂಟೆಯೇ ಇಲ್ಲ. ಬ್ಯಾಕ್ ಪ್ಲೇಟನ್ನು ಮಾತ್ರ ನಿಮ್ಮ ಲೇತಿನ ಮೇಲೆಯೇ ಮಾಡಿಕೊಳ್ಳಬೇಕು. ಬೀಡುಕಬ್ಬಿಣದ ಬಿಲ್ಲೆಗೆ ನಿಮ್ಮ ಸ್ಪಿಂಡಲ್ ಮೂಗಿನ (ಹೊರಚಾಚಿದ ಮುಂತುದಿಯ) ಥ್ರೆಡ್ ಕೊಯ್ದು, ಅದನ್ನು ಆ ಮೂಗಿಗೇ ತಿರುಗಿಸಿ ಕೂರಿಸಿ, ಆಮೇಲೆ ಅದರ ಮುಖ ಮತ್ತು ಅಂಚನ್ನು ಟರ್ನ್ ಮಾಡಿದರೆ ಸ್ಪಿಂಡಲ್ ಹೇಗೆ ತಿರುಗುತ್ತದೋ ಅದೂ ಹಾಗೇ ತಿರುಗುತ್ತದೆ. ಥ್ರೆಡ್ಡನ್ನು ಗೇಜ್ ಇಟ್ಟು ನೋಡಿ, ಯಾರ ಮಾತನ್ನೂ ನಂಬಬೇಡಿ. ನನ್ನದು ಇಂಚಿಗೆ 8 ಹಲ್ಲು.

ನನಗೆ ಬಂದ ಅಗ್ಗದ ಚಕ್ 0.06 ಓಲಾಡಿತು. ಚಾಚಾ ಹೇಳಿದಂತೆ ಬ್ಯಾಕ್ ಪ್ಲೇಟಿನ ಅಂಚನ್ನು 0.2 ಮಿ.ಮೀ. ಸಡಿಲ ಮಾಡಿದೆ. ಬೋಲ್ಟುಗಳನ್ನು ಅರೆಬಿಗಿ ಮಾಡಿ, ಚಕ್ಕಿನ ಒಳ ಟೇಪರಿಗೆ ಡಯಲ್ ಇಟ್ಟು, ಮೆಲ್ಲಗೆ ತಟ್ಟುತ್ತ ಮುಳ್ಳು ನಿಂತಲ್ಲಿ ಪೂರ್ತಿ ಬಿಗಿದೆ. ಈಗ 0.02ರೊಳಗೆ ಇದೆ. ಮೂಗು ಥ್ರೆಡ್ಡಿನದಾದ್ದರಿಂದ ಲೇತನ್ನು ಹಿಂದಕ್ಕೆ ತಿರುಗಿಸಿ ಕೆಲಸ ಮಾಡುವಂತಿಲ್ಲ, ಚಕ್ ಬಿಚ್ಚಿಕೊಂಡು ಬರುತ್ತದೆ.

ಇಆರ್ ಕೊಲೆಟಿಗೂ ಅದರದೇ ಹಟಗಳಿವೆ. ಕೊಲೆಟನ್ನು ಮೊದಲು ನಟ್ಟಿನ ಒಳಬಳೆಗೆ ಓರೆಯಾಗಿ ಒತ್ತಿ ಕಟಕ್ ಎಂದು ಕೂರಿಸಿ, ಆಮೇಲೆ ನಟ್ಟನ್ನು ಚಕ್ಕಿಗೆ ತಿರುಗಿಸಬೇಕು. ಕೊಲೆಟನ್ನು ಟೇಪರಿನೊಳಗಿಟ್ಟು ಮೇಲಿಂದ ನಟ್ ಬಿಗಿದರೆ ಅದು ಸೊಟ್ಟಗೆ ಕೂರುತ್ತದೆ, ಬಿಚ್ಚುವಾಗ ಹೊರಗೇ ಬರುವುದಿಲ್ಲ. ನಮ್ಮ ಹುಡುಗ ಒಂದು ಕೊಲೆಟಿನ ಅಂಚು ಮುರಿದದ್ದು ಹೀಗೆ. ಚೋಟುದ್ದದ ತುಂಡನ್ನು ತುದಿಯಲ್ಲಿ ಮಾತ್ರ ಕಚ್ಚಿಸಬೇಡಿ, ಕೊಲೆಟಿನ ಮೂರರಲ್ಲಿ ಎರಡು ಭಾಗವಾದರೂ ತುಂಬಿರಬೇಕು. ಕಪ್ಪು ಬಾರ್, ತುಕ್ಕಿನ ಬಾರ್ ಹಾಕಲೇಬೇಡಿ. ಅದಕ್ಕೆ ಹಳೆಯ ತ್ರೀ ಜಾ ಚಕ್ ಇದೆಯಲ್ಲ.

ಕೊಳ್ಳುವ ಮುನ್ನ ಸ್ಪಿಂಡಲ್ ಬಾಯಿ, ತೂತು, ಮೂಗಿನ ಥ್ರೆಡ್ ಮೂರನ್ನೂ ಅಳೆದು ಗೋಡೆಯ ಮೇಲೆ ಬರೆದಿಡಿ. ಬಾಯಿಯೊಳಗೆ ಡಯಲ್ ಇಟ್ಟು ಸ್ಪಿಂಡಲನ್ನು ಕೈಯಲ್ಲಿ ತಿರುಗಿಸಿ ನೋಡಿ. ಚಕ್ಕಿನಲ್ಲಿ ಉದ್ದ ಬಾರ್ ಕಚ್ಚಿಸಿ, ಡಯಲನ್ನು ಸ್ಪಿಂಡಲ್ ಮೂಗಿಗೆ ತಾಗಿಸಿಟ್ಟು ಬಾರನ್ನು ಮೇಲೆ ಕೆಳಗೆ ಎತ್ತಿ ನೋಡಿ. ಮುಳ್ಳು 0.05 ಹಾರಿದರೆ ತೊಂದರೆ ಬೇರಿಂಗಿನದು, ಚಿನ್ನದ ಕೊಲೆಟ್ ತಂದರೂ ಪಿನ್ ದುಂಡಗೆ ಬಾರದು.

ಆ 5ಸಿ ಪೆಟ್ಟಿಗೆ ಅಲ್ಮೇರಾದ ಮೇಲೆ ಗ್ರೀಸ್ ಕಾಗದದಲ್ಲೇ ಇದೆ. ದೊಡ್ಡ ಬಾಯಿಯ ಲೇತ್ ಇರುವವರು ಯಾರಾದರೂ ಬಂದರೆ ಅರ್ಧ ಬೆಲೆಗೆ ಕೊಡುತ್ತೇನೆ. ಬರುವಾಗ ಸ್ಪಿಂಡಲ್ ಬಾಯಿಯ ಅಳತೆಯನ್ನು ಚೀಟಿಯಲ್ಲಿ ಬರೆದುಕೊಂಡು ಬನ್ನಿ, ಇಲ್ಲದಿದ್ದರೆ ಪೆಟ್ಟಿಗೆ ತೆರೆಯುವುದಿಲ್ಲ.